ಯಾಕೋಬನಿಗಾಗಿಯೂ ಸಭೆ ಪ್ರಾರ್ಥಿಸಿರಲೇಬೇಕು

ಬೈಬಲಿನ ಅಪೊಸ್ತಲರ ಕೃತ್ಯಗಳ ಪುಸ್ತಕದ 12ನೆಯ ಅಧ್ಯಾಯವನ್ನು ನಮ್ಮ ಕೂಟಗಳಲ್ಲಿ ಓದುವಾಗ ಹೆಚ್ಚಾಗಿ ಐದನೆಯ ವಚನದಿಂದ ಆರಂಭಿಸುತ್ತಾರೆ. ಯೇಸುವಿನ ಶಿಷ್ಯನಾದ ಪೇತ್ರನು ಸೆರೆಮನೆಯಲ್ಲಿದ್ದಾನೆ, ಸಭೆಯವರು, ಅಂದರೆ ಆ ಊರಿನ ವಿಶ್ವಾಸಿಗಳು, ಅವನಿಗಾಗಿ ಆಸಕ್ತಿಯಿಂದ ಪ್ರಾರ್ಥಿಸುತ್ತಿದ್ದಾರೆ, ದೇವದೂತನು ಬಂದು ಅವನನ್ನು ಬಿಡಿಸುತ್ತಾನೆ. ಪ್ರಾರ್ಥನೆಗೆ ದೇವರು ಉತ್ತರ ಕೊಡುತ್ತಾನೆಂದು ಪ್ರಸಂಗ ಮಾಡಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಭಾಗ ಸಿಗುವುದು ಕಷ್ಟ. ಆದರೆ ಅದೇ ಅಧ್ಯಾಯದ ಎರಡನೆಯ ವಚನದಲ್ಲಿ, ಯೋಹಾನನ ಅಣ್ಣನಾದ ಯಾಕೋಬನನ್ನು ಹೆರೋದನು ಕತ್ತಿಯಿಂದ ಕೊಲ್ಲಿಸಿದನೆಂದು ಲೂಕನು ಬರೆದಿದ್ದಾನೆ. ಅದಕ್ಕೆ ವಿವರಣೆಯೂ ಇಲ್ಲ, ಸಮಾಧಾನದ ಮಾತೂ ಇಲ್ಲ. ಒಂದು ಸಾಲು ಬರೆದು ಲೂಕನು ಮುಂದೆ ಹೋಗುತ್ತಾನೆ.

ಈ ಹೆರೋದನು ಒಂದನೆಯ ಅಗ್ರಿಪ್ಪ. ಮಹಾ ಹೆರೋದನ ಮೊಮ್ಮಗ. ಅವನು ಸತ್ತದ್ದು ಕ್ರಿ.ಶ. 44ರಲ್ಲಿ. ಅಂದರೆ ಯೇಸು ಶಿಲುಬೆಗೇರಿ ಹದಿನೈದು ವರ್ಷವೂ ತುಂಬುವ ಮೊದಲೇ, ಆತನ ಅತ್ಯಂತ ಸಮೀಪದ ಮೂವರು ಶಿಷ್ಯರಲ್ಲಿ ಒಬ್ಬನು ಕತ್ತಿಗೆ ಬಲಿಯಾದನು, ಇನ್ನೊಬ್ಬನು ಅದ್ಭುತವಾಗಿ ಪಾರಾದನು. ಇಬ್ಬರೂ ಒಂದೇ ಊರಿನಲ್ಲಿ ಒಂದೇ ಅರಸನ ಕೈಗೆ ಸಿಕ್ಕಿದವರು, ಅವರ ಹಿಂದೆ ಇದ್ದದ್ದೂ ಒಂದೇ ಸಭೆ. ಯಾಕೋಬನಿಗಾಗಿ ಸಭೆ ಪ್ರಾರ್ಥಿಸಿತೆಂದು ಲೂಕನು ಹೇಳಿಲ್ಲ, ನಿಜ. ಆದರೆ ಪೇತ್ರನಿಗಾಗಿ ರಾತ್ರಿಯೆಲ್ಲಾ ಎಚ್ಚರವಿದ್ದು ಪ್ರಾರ್ಥಿಸಿದ ಜನರು ಯಾಕೋಬನಿಗಾಗಿ ಬಾಯಿ ಮುಚ್ಚಿಕೊಂಡಿದ್ದರೆಂದು ನಂಬಲು ನನಗೆ ಆಗುವುದಿಲ್ಲ. ಪ್ರಾರ್ಥಿಸಲು ಸಮಯವೇ ಸಿಗಲಿಲ್ಲವೆಂದು ಕೆಲವರು ಹೇಳುತ್ತಾರೆ. ಸಮಯ ಕೊಡದಿದ್ದದ್ದೂ ದೇವರೇ ಅಲ್ಲವೇ ಎಂಬ ಪ್ರಶ್ನೆ ಆಗಲೂ ಉಳಿಯುತ್ತದೆ.

ಇನ್ನೊಂದು ಉತ್ತರವನ್ನು ನಾನು ಹಲವು ಸಲ ಕೇಳಿದ್ದೇನೆ: ಯಾಕೋಬನ ವಿಷಯದಲ್ಲಿ ಸಭೆಗೆ ವಿಶ್ವಾಸ ಸಾಲದಾಗಿತ್ತು, ಪೇತ್ರನ ಹೊತ್ತಿಗೆ ಪಾಠ ಕಲಿತರು ಎಂದು. ಇದನ್ನು ಹೇಳುವವರು ಆ ಅಧ್ಯಾಯವನ್ನು ಮುಂದಕ್ಕೆ ಓದಿರಲಾರರು. ಸರಪಳಿಗಳು ಕಳಚಿಬಿದ್ದು, ಕಬ್ಬಿಣದ ಬಾಗಿಲು ತಾನಾಗಿಯೇ ತೆರೆದುಕೊಂಡು, ಪೇತ್ರನು ಮಾರ್ಕನೆನಿಸಿಕೊಂಡ ಯೋಹಾನನ ತಾಯಿ ಮರಿಯಳ ಮನೆಗೆ ಬಂದು ಕದ ತಟ್ಟುತ್ತಾನೆ. ಒಳಗೆ ಪ್ರಾರ್ಥನೆ ನಡೆಯುತ್ತಿದೆ. ರೋದೆ ಎಂಬ ಕೆಲಸದ ಹುಡುಗಿ ಅವನ ಸ್ವರವನ್ನು ಗುರುತಿಸಿ, ಸಂತೋಷದಲ್ಲಿ ಬಾಗಿಲು ತೆಗೆಯುವುದನ್ನೇ ಮರೆತು ಒಳಗೆ ಓಡುತ್ತಾಳೆ. ಪ್ರಾರ್ಥಿಸುತ್ತಿದ್ದ ದೇವಜನರು ಅವಳಿಗೆ ಹೇಳಿದ ಮೊದಲ ಮಾತು, ನಿನಗೆ ಹುಚ್ಚು ಹಿಡಿದಿದೆ ಎಂಬುದು. ಹುಡುಗಿ ಪಟ್ಟು ಬಿಡದಿದ್ದಾಗ, ಅದು ಅವನ ದೂತನಿರಬೇಕು ಎನ್ನುತ್ತಾರೆ. ಅಷ್ಟು ಹೊತ್ತೂ ಪೇತ್ರನು ಬೀದಿಯಲ್ಲಿ ನಿಂತು ಕದ ತಟ್ಟುತ್ತಲೇ ಇದ್ದಾನೆ. ಸೆರೆಮನೆಯ ಬಾಗಿಲು ತೆರೆಯಿತು, ಪ್ರಾರ್ಥನೆಯ ಮನೆಯ ಬಾಗಿಲು ತೆರೆಯಲಿಲ್ಲ! ಇವರ ವಿಶ್ವಾಸದ ಅಳತೆ ಇಷ್ಟೇ. ಆದರೂ ಪೇತ್ರನು ಬಿಡುಗಡೆಯಾದನು. ಹಾಗಿರುವಾಗ, ಉತ್ತರವು ಕೇಳುವವರ ವಿಶ್ವಾಸದ ತೂಕಕ್ಕೆ ತಕ್ಕಂತೆ ಬರುತ್ತದೆಂದು ಈ ಅಧ್ಯಾಯವನ್ನು ಎದುರಿಗಿಟ್ಟುಕೊಂಡು ಯಾರೂ ಹೇಳಲಾರರು.

ನಾನು ಇದನ್ನು ಬರೆಯಲು ಕಾರಣವಿದೆ. ನಮ್ಮ ಸಭೆಯಲ್ಲಿ ಶುಕ್ರವಾರದ ಪ್ರಾರ್ಥನಾ ಕೂಟದಲ್ಲಿ ಸಾಕ್ಷಿ ಹೇಳುವ ಸಮಯವೊಂದಿದೆ. ಕೆಲಸ ಸಿಕ್ಕವರು, ಗಂಟು ಕರಗಿದವರು, ಮಗನಿಗೆ ವೀಸಾ ಬಂದವರು ಎದ್ದು ನಿಂತು ದೇವರನ್ನು ಸ್ತುತಿಸುತ್ತಾರೆ. ಉಳಿದವರು ಸ್ತೋತ್ರ ಎನ್ನುತ್ತಾರೆ. ಅದು ಒಳ್ಳೆಯ ಪದ್ಧತಿ, ಅದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಒಮ್ಮೆ ಆ ಸಮಯದಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ತಾಯಿ ಎದ್ದರು. ಅವರ ಯಜಮಾನರಿಗಾಗಿ ನಾವು ತಿಂಗಳುಗಟ್ಟಲೆ ಪ್ರಾರ್ಥಿಸಿದ್ದೆವು. "ನಮ್ಮ ಯಜಮಾನರು ತೀರಿಕೊಂಡಿದ್ದು ನಿಮಗೆಲ್ಲಾ ಗೊತ್ತು. ಕಡೇ ತನಕ ಪ್ರಾರ್ಥನೆ ಮಾಡಿದಿರಿ, ಅದಕ್ಕೆ ವಂದನೆ ಹೇಳೋಣ ಅಂತ ನಿಂತೆ" ಎಂದು ಹೇಳಿ ಸೆರಗು ಸರಿಮಾಡಿಕೊಂಡು ಕುಳಿತರು. ಸ್ತೋತ್ರ ಎನ್ನಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಕೀಬೋರ್ಡ್ ನುಡಿಸುವ ಹುಡುಗ ಹಾಡಿನ ಪುಸ್ತಕದ ಹಾಳೆ ತಿರುವತೊಡಗಿದ. ಸಭಾಪಾಲಕರಾದ ಅಯ್ಯನವರು ಸ್ವಲ್ಪ ತಡೆದು, "ಅಮ್ಮಾ, ಚೆನ್ನಾಗಿ ಸಾಕ್ಷಿ ಹೇಳಿದಿರಿ" ಎಂದರು. ಅದು ಬಾಯಿಮಾತಿಗೆ ಹೇಳಿದ್ದಲ್ಲವೆಂದು ನನಗೆ ಅನಿಸಿತು. ಆ ತಾಯಿಗೆ ಆಸ್ಪತ್ರೆಯಲ್ಲಿ ಯಾರೋ ಹೊರಗಿನ ಬೋಧಕರು, ವಿಶ್ವಾಸ ಇನ್ನಷ್ಟು ಇದ್ದಿದ್ದರೆ ಉಳಿಯುತ್ತಿದ್ದರು ಎಂದು ಹೇಳಿ ಹೋಗಿದ್ದರೆಂಬುದು ಆಮೇಲೆ ತಿಳಿಯಿತು. ಗಂಡನನ್ನು ಕಳೆದುಕೊಂಡವಳ ಮೇಲೆ ಅವನ ಸಾವಿನ ಹೊಣೆಯನ್ನೂ ಹೊರಿಸುವ ಈ ಬೋಧನೆಯ ಬಗ್ಗೆ ನನಗೆ ಸಹನೆ ಇಲ್ಲ. ಬೈಬಲಿನ ಯೋಬನ ಪುಸ್ತಕದಲ್ಲಿ, ಎಲ್ಲವನ್ನೂ ಕಳೆದುಕೊಂಡ ಯೋಬನಿಗೆ ಅವನ ಸ್ನೇಹಿತರು ಇಂಥದನ್ನೇ ಹೇಳಿದ್ದರು. ಪುಸ್ತಕದ ಕೊನೆಯಲ್ಲಿ ಯೆಹೋವನ ಸಿಟ್ಟು ಯೋಬನ ಮೇಲಲ್ಲ, ಆ ಸ್ನೇಹಿತರ ಮೇಲೆ ಉರಿಯುತ್ತದೆ.

ಇದಕ್ಕಿಂತ ಸೌಮ್ಯವಾದ ಇನ್ನೊಂದು ವಿವರಣೆಯಿದೆ. ಭಾನುವಾರ ಶಾಲೆಯಲ್ಲಿ ಮಕ್ಕಳಿಗೆ ಟ್ರಾಫಿಕ್ ಸಿಗ್ನಲ್‌ನ ಚಿತ್ರ ಬರೆದು ಹೇಳಿಕೊಡುತ್ತಾರೆ: ಹಸಿರು ಎಂದರೆ ಆಗಲಿ, ಕೆಂಪು ಎಂದರೆ ಬೇಡ, ಹಳದಿ ಎಂದರೆ ಕಾದಿರು, ಮೂರೂ ದೇವರ ಉತ್ತರವೇ. ಮಕ್ಕಳಿಗೆ ಇದು ಸಾಕು. ದೊಡ್ಡವರೂ ಇದರಲ್ಲೇ ನಿಂತುಬಿಡುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಏನೇ ಆದರೂ ಅದನ್ನು ಉತ್ತರವೆಂದು ಕರೆಯಬಹುದಾದರೆ, ಪ್ರಾರ್ಥಿಸದವನ ಬದುಕಿನಲ್ಲಿಯೂ ಈ ಮೂರೇ ನಡೆಯುತ್ತವೆ: ಕೆಲವು ಆಗುತ್ತವೆ, ಕೆಲವು ಆಗುವುದಿಲ್ಲ, ಕೆಲವು ತಡವಾಗುತ್ತವೆ. ಕ್ರೈಸ್ತ ವಿಶ್ವಾಸವು ಪ್ರಾರ್ಥನೆಯ ಬಗ್ಗೆ ಹೇಳುವುದು ಇಷ್ಟೇ ಆಗಿದ್ದರೆ ಅದು ಏನನ್ನೂ ಹೇಳಿದಂತಾಗುವುದಿಲ್ಲ. ಬೈಬಲಿನಲ್ಲಿ ಬೇಡಿದ್ದು ಸಿಗದೆ ಹೋದವರನ್ನು ಒಬ್ಬೊಬ್ಬರಾಗಿ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಅವರಿಗೆ ಸುಮ್ಮನೆ ಬೇಡ ಎಂಬ ಉತ್ತರ ಬರುವುದಿಲ್ಲ. ಬೇಡ ಎನ್ನುವಾತನು ಎದುರಿಗೆ ಬಂದು ಮಾತನಾಡುತ್ತಾನೆ.

ಮೋಶೆಯನ್ನು ನೋಡಿ. ಧರ್ಮೋಪದೇಶಕಾಂಡದ ಮೂರನೆಯ ಅಧ್ಯಾಯದಲ್ಲಿ ಅವನು ತನ್ನ ಬೇಡಿಕೆಯನ್ನು ತಾನೇ ಜನರಿಗೆ ವರದಿ ಮಾಡುತ್ತಾನೆ: ಯೊರ್ದನ್ ಹೊಳೆಯನ್ನು ದಾಟಿ ಆ ಒಳ್ಳೆಯ ದೇಶವನ್ನು ನೋಡುವುದಕ್ಕೆ ಅಪ್ಪಣೆಯಾಗಲಿ ಎಂದು ಬೇಡಿದೆನು. ಯೆಹೋವನು ಸಿಟ್ಟುಗೊಂಡು, ಸಾಕು, ಈ ಸಂಗತಿಯನ್ನು ಇನ್ನು ನನ್ನ ಮುಂದೆ ಎತ್ತಬೇಡ ಎಂದನು. ನಲವತ್ತು ವರ್ಷ ಆ ಜನರನ್ನು ಹೊತ್ತು ತಂದವನಿಗೆ ಬಂದ ಉತ್ತರ ಇದು. ಕೂಡಲೇ ಪಿಸ್ಗಾ ಬೆಟ್ಟದ ತುದಿಗೆ ಹತ್ತಿ ನಾಲ್ಕು ದಿಕ್ಕಿಗೂ ಕಣ್ಣೆತ್ತಿ ನೋಡು ಎಂದೂ ಹೇಳುತ್ತಾನೆ. ಅವನು ಸತ್ತಾಗ ಆತನೇ ಅವನನ್ನು ಹೂಣಿಡುತ್ತಾನೆ. ಬೇರೆ ಯಾರ ವಿಷಯದಲ್ಲಿಯೂ ಬೈಬಲು ಹೀಗೆ ಹೇಳುವುದಿಲ್ಲ. ಮತ್ತಾಯನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ ಯೇಸು ಬೆಟ್ಟದ ಮೇಲೆ ರೂಪಾಂತರ ಹೊಂದಿದಾಗ ಆತನ ಪಕ್ಕದಲ್ಲಿ ನಿಂತು ಮಾತನಾಡುತ್ತಿದ್ದವರಲ್ಲಿ ಮೋಶೆಯೂ ಒಬ್ಬನು. ಅಂತೂ ಆ ದೇಶದ ನೆಲವನ್ನು ಮೆಟ್ಟಿದನಲ್ಲ ಎಂದು ನನಗೆ ಆ ಭಾಗ ಓದಿದಾಗಲೆಲ್ಲಾ ಒಳಗೊಳಗೇ ಸಂತೋಷವಾಗುತ್ತದೆ. ವ್ಯಾಖ್ಯಾನಕಾರರು ಇದನ್ನು ಒಪ್ಪುತ್ತಾರೋ ಇಲ್ಲವೋ, ನಾನು ಬಿಡುವುದಿಲ್ಲ.

ಅಪೊಸ್ತಲನಾದ ಪೌಲನದೂ ಹೀಗೆಯೇ. ಶರೀರದಲ್ಲಿ ನಾಟಿದ ಶೂಲವೊಂದನ್ನು ತೆಗೆಯಬೇಕೆಂದು ಅವನು ಮೂರು ಸಲ ಕರ್ತನನ್ನು ಬೇಡಿಕೊಂಡನು. ಅದು ಕಣ್ಣಿನ ರೋಗವೋ ಬೇರೇನೋ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿಯಿಲ್ಲ. ಶೂಲ ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಮಾತು ಬಂತು. ಗಮನಿಸಬೇಕಾದದ್ದು, ಆ ಮಾತು ಬಂದ ಮೇಲೆ ಪೌಲನು ನಾಲ್ಕನೆಯ ಸಲ ಕೇಳಿದ್ದು ಎಲ್ಲಿಯೂ ಇಲ್ಲ. ಬೇಡಿಕೆ ಅಲ್ಲಿಗೆ ಮುಗಿಯಿತು, ಏಕೆಂದರೆ ತಾನು ಯಾರನ್ನು ಬೇಡಿದನೋ ಆತನ ಸ್ವರ ಅವನಿಗೆ ಕೇಳಿಸಿತು.

ಇನ್ನು ಗೆತ್ಸೇಮನೆ ತೋಟ. ಈ ಪಾತ್ರೆಯು, ಅಂದರೆ ಬರಲಿರುವ ಶ್ರಮೆಯು, ನನ್ನನ್ನು ಬಿಟ್ಟುಹೋಗಲಿ ಎಂದು ಮಗನಾದ ಯೇಸುವೇ ತಂದೆಯನ್ನು ಬೇಡಿಕೊಂಡನು, ಪಾತ್ರೆ ಬಿಟ್ಟುಹೋಗಲಿಲ್ಲ. ಮರುದಿನ ಮಧ್ಯಾಹ್ನ ಆತನು ಶಿಲುಬೆಯ ಮೇಲಿದ್ದನು. ಆದರೆ ಇಬ್ರಿಯರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯವು ಆತನು ಬಲವಾಗಿ ಕೂಗುತ್ತಾ ಕಣ್ಣೀರಿನಿಂದ ಮಾಡಿದ ಪ್ರಾರ್ಥನೆಗಳನ್ನು ನೆನಪಿಸಿ, ಆತನ ಭಯಭಕ್ತಿಯ ನಿಮಿತ್ತ ಅವು ಕೇಳಲ್ಪಟ್ಟವು ಎಂದು ಹೇಳುತ್ತದೆ. ಕೇಳಲ್ಪಟ್ಟವು! ಬೇಡಿದ್ದು ಆಗಲಿಲ್ಲ, ಪ್ರಾರ್ಥನೆ ಕೇಳಲ್ಪಟ್ಟಿತು. ಈ ಎರಡು ಮಾತುಗಳು ಒಟ್ಟಿಗೆ ನಿಲ್ಲಬಲ್ಲವೆಂಬುದು ಕ್ರೈಸ್ತ ಪ್ರಾರ್ಥನೆಯ ಬುಡದಲ್ಲಿರುವ ಸಂಗತಿ. ನನಗೆ ಹೇಳಬೇಕಾಗಿರುವುದೂ ಮುಖ್ಯವಾಗಿ ಇದೇ. ಪಾತ್ರೆಯನ್ನು ತೆಗೆಯುವ ಬದಲು ಬಲಪಡಿಸುವುದಕ್ಕೆ ದೇವದೂತನು ಬಂದನೆಂದು ಲೂಕನು ಬರೆಯುತ್ತಾನೆ. ತಂದೆಯ ಉತ್ತರವು ಸಾವಿನಿಂದ ತಪ್ಪಿಸುವುದರಲ್ಲಿ ಅಲ್ಲ, ಸಾವಿನ ಆಚೆಯಿಂದ, ಮೂರನೆಯ ದಿನ ಬಂತು.

ಹಾಗಾದರೆ ಬೇಡಿದ್ದು ಬೇಡಿದಂತೆಯೇ ಸಿಗುವುದಿಲ್ಲವೇ? ಸಿಗುತ್ತದೆ. ಶೀಲೋವಿನ ದೇವಾಲಯದಲ್ಲಿ ತುಟಿಯಷ್ಟೇ ಅಲ್ಲಾಡುತ್ತಾ ಮಗನಿಗಾಗಿ ಪ್ರಾರ್ಥಿಸಿದ ಹನ್ನಳಿಗೆ ಸಮುವೇಲನು ಸಿಕ್ಕನು. ಯಾಜಕನಾದ ಏಲಿ ಅವಳನ್ನು ಕುಡಿದವಳೆಂದು ಭಾವಿಸಿ ಗದರಿಸಿದ್ದೂ ಅಲ್ಲೇ ಇದೆ. ದೇವರ ಮನೆಯ ಅಧಿಕಾರಿಗೆ ಅರ್ಥವಾಗದ ಪ್ರಾರ್ಥನೆಯೂ ದೇವರಿಗೆ ಅರ್ಥವಾಗುತ್ತದೆ. ಯೆಹೂದದ ಅರಸನಾದ ಹಿಜ್ಕೀಯನು ಮರಣಕರವಾದ ರೋಗದಲ್ಲಿ ಗೋಡೆಯ ಕಡೆಗೆ ಮುಖ ತಿರುಗಿಸಿ ಅತ್ತಾಗ, ಪ್ರವಾದಿಯಾದ ಯೆಶಾಯನು ಅರಮನೆಯ ಅಂಗಳ ದಾಟುವಷ್ಟರಲ್ಲಿ ಉತ್ತರ ಬಂತು: ನಿನ್ನ ಆಯುಷ್ಯಕ್ಕೆ 15 ವರ್ಷಗಳನ್ನು ಕೂಡಿಸುತ್ತೇನೆ. ಉತ್ತರ ಬಂದ ರೀತಿಯನ್ನೂ ನೋಡಬೇಕು. ಯೆಶಾಯನು ಅಂಜೂರದ ಹಣ್ಣನ್ನು ಅರೆಸಿ ಹುಣ್ಣಿನ ಮೇಲೆ ಪಟ್ಟು ಹಾಕಿಸಿದನು. ಪ್ರಾರ್ಥನೆ ಮಾಡಿದವರು ಮಾತ್ರೆ ನುಂಗಬಾರದು, ಇನ್ಸುಲಿನ್ ಬಿಟ್ಟುಬಿಡಬೇಕು ಎಂದು ಬೋಧಿಸುವವರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರು ಎರಡನೆಯ ಅರಸುಗಳು 20ನೆಯ ಅಧ್ಯಾಯವನ್ನು ಯಾವ ಬೈಬಲಿನಲ್ಲಿ ಓದುತ್ತಾರೋ ತಿಳಿಯದು.

ಹಿಜ್ಕೀಯನ ಕಥೆ ಅಲ್ಲಿಗೆ ನಿಲ್ಲುವುದಿಲ್ಲ, ಅದಕ್ಕಾಗಿಯೇ ನಾನು ಅದನ್ನು ಮತ್ತೆ ಮತ್ತೆ ಓದುತ್ತೇನೆ. ಅವನ ಮಗ ಮನಸ್ಸೆಯು ಪಟ್ಟಕ್ಕೆ ಬಂದಾಗ ಅವನಿಗೆ 12 ವರ್ಷ. ಲೆಕ್ಕ ಹಾಕಿದರೆ, ಅವನು ಹುಟ್ಟಿದ್ದು ಆ ಕೂಡಿಸಿಕೊಟ್ಟ 15 ವರ್ಷಗಳ ಒಳಗೆ. ಯೆಹೂದದ ಅರಸರಲ್ಲಿ ಅವನಷ್ಟು ಕೆಡುಕನಿಲ್ಲ. ಸ್ವಂತ ಮಗನನ್ನು ಬೆಂಕಿಗೆ ಆಹುತಿ ಕೊಟ್ಟವನು, ಯೆರೂಸಲೇಮಿನ ಬೀದಿಗಳನ್ನು ನಿರಪರಾಧಿಗಳ ರಕ್ತದಿಂದ ತುಂಬಿಸಿದವನು. ಹಿಜ್ಕೀಯನ ಪ್ರಾರ್ಥನೆಗೆ ಆಗಲಿ ಎಂಬ ಉತ್ತರ ಬರದಿದ್ದರೆ ಈ ಅರಸನು ಹುಟ್ಟುತ್ತಲೇ ಇರಲಿಲ್ಲ. ಹಾಗೆಂದು ಆ ಪ್ರಾರ್ಥನೆಯೇ ತಪ್ಪೆಂದು ತೀರ್ಮಾನಿಸುವವರಿಗೆ ಮತ್ತಾಯನು ಅವಸರ ಬೇಡ ಎನ್ನುತ್ತಾನೆ: ಯೇಸುಕ್ರಿಸ್ತನ ವಂಶಾವಳಿಯಲ್ಲಿ ಹಿಜ್ಕೀಯನ ನಂತರ ಬರುವ ಹೆಸರು ಇದೇ ಮನಸ್ಸೆಯದು. ಒಂದು ಪ್ರಾರ್ಥನೆಯ ಫಲವು ಎಲ್ಲಿಗೆ ಮುಟ್ಟುತ್ತದೆಂದು ಹೇಳಲು ಎಷ್ಟು ತಲೆಮಾರು ಕಾಯಬೇಕೆಂಬುದು ಇದರಿಂದ ತಿಳಿಯುತ್ತದೆ. ಬೇಡಿದ್ದು ಸಿಕ್ಕ ಕೂಡಲೇ ದೇವರ ಮನಸ್ಸು ಗೊತ್ತಾಯಿತೆಂದು ಹೇಳುವವರ ಬಗ್ಗೆಯೂ, ಸಿಗದಿದ್ದ ಕೂಡಲೇ ದೇವರೇ ಇಲ್ಲವೆನ್ನುವವರ ಬಗ್ಗೆಯೂ ನನಗೆ ಒಂದೇ ಆಕ್ಷೇಪ, ಇಬ್ಬರೂ ಲೆಕ್ಕವನ್ನು ಬೇಗ ಮುಗಿಸುತ್ತಾರೆ.

ಸಭಾಚರಿತ್ರೆಯಲ್ಲಿ ಇದಕ್ಕೆ ಹೊಂದುವ ಒಬ್ಬ ತಾಯಿ ಇದ್ದಾಳೆ. ಉತ್ತರ ಆಫ್ರಿಕದ ಮೋನಿಕಳು ದಾರಿತಪ್ಪಿದ ತನ್ನ ಮಗ ಅಗಸ್ಟಿನನಿಗಾಗಿ ವರ್ಷಾನುವರ್ಷ ಅತ್ತು ಪ್ರಾರ್ಥಿಸಿದವಳು. ಕ್ರಿ.ಶ. 383ರಲ್ಲಿ ಮಗನು ಕಾರ್ಥೇಜಿನಿಂದ ರೋಮಿಗೆ ಹಡಗು ಹತ್ತಲು ಹೊರಟಾಗ ಅವಳು ಬಂದರಿನವರೆಗೂ ಬೆನ್ನು ಹತ್ತಿದಳು. ಸ್ನೇಹಿತನನ್ನು ಬೀಳ್ಕೊಡಲು ಬಂದಿದ್ದೇನೆಂದು ಅವನು ಸುಳ್ಳು ಹೇಳಿ, ಅವಳನ್ನು ಹುತಾತ್ಮ ಸಿಪ್ರಿಯಾನನ ಹೆಸರಿನ ಪ್ರಾರ್ಥನಾಲಯದಲ್ಲಿ ಬಿಟ್ಟು, ರಾತ್ರೋರಾತ್ರಿ ಹೊರಟುಹೋದನು. ಆ ರಾತ್ರಿ ಅವಳು ಬೇಡಿದ್ದು ಒಂದೇ, ಮಗ ಸಮುದ್ರ ದಾಟದಿರಲಿ ಎಂದು. ಗಾಳಿ ಬೀಸಿತು, ಹಡಗು ಹೋಯಿತು. ಇಟಲಿಗೆ ಹೋದದ್ದರಿಂದಲೇ ಅವನು ಮಿಲಾನಿನ ಬಿಷಪ್ ಆಂಬ್ರೋಸನ ಪ್ರಸಂಗಗಳನ್ನು ಕೇಳಿದನು, 386ರಲ್ಲಿ ಮನಸ್ಸು ತಿರುಗಿತು, 387ರ ಈಸ್ಟರ್ ಹಬ್ಬದಲ್ಲಿ ದೀಕ್ಷಾಸ್ನಾನ ಹೊಂದಿದನು. ಅಗಸ್ಟಿನನು ತನ್ನ ಆತ್ಮಕಥನದ ಐದನೆಯ ಭಾಗದಲ್ಲಿ ದೇವರೊಡನೆ ಮಾತನಾಡುತ್ತಾ, ಅವಳು ಎಂದೆಂದೂ ಬೇಡುತ್ತಿದ್ದುದನ್ನು ಕೊಡುವುದಕ್ಕಾಗಿ ಅಂದು ಬೇಡಿದ್ದನ್ನು ನೀನು ಕೊಡಲಿಲ್ಲ ಎಂಬ ಅರ್ಥದ ಮಾತು ಬರೆಯುತ್ತಾನೆ. ಇದು ಹಿಂದಿರುಗಿ ನೋಡಿದವನ ಮಾತೆಂಬುದನ್ನು ಮರೆಯಬಾರದು. ಹಡಗು ಹೋದ ಮರುದಿನ ಬೆಳಿಗ್ಗೆ ದಡದಲ್ಲಿ ನಿಂತು ಗೋಳಾಡುತ್ತಿದ್ದ ಮೋನಿಕಳಿಗೆ ಈ ಮಾತನ್ನು ಯಾರಾದರೂ ಹೇಳಿದ್ದರೆ ಅದು ಕ್ರೌರ್ಯವಾಗುತ್ತಿತ್ತು.

ಪ್ರಾರ್ಥನೆಯ ಮಾತು ಬಂದಾಗ ಇಂಗ್ಲೆಂಡಿನ ಬ್ರಿಸ್ಟಲಿನ ಜಾರ್ಜ್ ಮುಲ್ಲರ್ ಅವರ ಹೆಸರು ಬಾರದೆ ಇರುವುದಿಲ್ಲ. 1836ರಲ್ಲಿ ಬಾಡಿಗೆ ಮನೆಯೊಂದರಲ್ಲಿ ಅನಾಥಾಲಯ ಆರಂಭಿಸಿ, ಯಾರ ಬಳಿಯೂ ಕೈಚಾಚದೆ ದೇವರನ್ನೇ ಕೇಳಿ, ತಮ್ಮ ಜೀವಮಾನದಲ್ಲಿ 10,000ಕ್ಕೂ ಹೆಚ್ಚು ಮಕ್ಕಳನ್ನು ಸಾಕಿದವರು ಅವರು. ನಮ್ಮಲ್ಲಿ ಅವರ ಕಥೆಯಲ್ಲಿ, ಊಟಕ್ಕೆ ಏನೂ ಇಲ್ಲದ ದಿನ ಪ್ರಾರ್ಥಿಸಿದಾಗ ಹಾಲು, ರೊಟ್ಟಿ ಬಂದ ಭಾಗವನ್ನಷ್ಟೇ ಹೇಳುತ್ತಾರೆ. 1870ರಲ್ಲಿ ಅವರ ಹೆಂಡತಿ ಮೇರಿ ಕಾಯಿಲೆಯಿಂದ ತೀರಿಕೊಂಡಾಗ, ಶವಸಂಸ್ಕಾರದ ಪ್ರಸಂಗವನ್ನು ಮುಲ್ಲರ್ ಅವರೇ ಮಾಡಿದರು. ಆರಿಸಿಕೊಂಡ ವಚನ, ದೇವರು ಒಳ್ಳೆಯವನೂ ಒಳ್ಳೆಯದನ್ನು ಮಾಡುವವನೂ ಎಂದು ಹೇಳುವ 119ನೆಯ ಕೀರ್ತನೆಯದು. ರೊಟ್ಟಿಯ ಕಥೆಗಿಂತ ಇದು ನನಗೆ ಹೆಚ್ಚು ಮುಖ್ಯ.

ಉತ್ತರ ಬರುವ ದಾರಿಯ ಬಗ್ಗೆ ಒಂದು ಮಾತು. ಇಸ್ರಾಯೇಲ್ಯರು ಐಗುಪ್ತದಲ್ಲಿ ಮೊರೆಯಿಟ್ಟಾಗ ಯೆಹೋವನು ಅವರ ಕೂಗನ್ನು ಕೇಳಿದೆನು, ಬಿಡಿಸಲು ಇಳಿದುಬಂದಿದ್ದೇನೆ ಎಂದು ಮೋಶೆಗೆ ಹೇಳಿ, ಮರುಮಾತಿನಲ್ಲೇ, ಆದ್ದರಿಂದ ನಿನ್ನನ್ನು ಕಳುಹಿಸುತ್ತೇನೆ ಎನ್ನುತ್ತಾನೆ. ಬೆಳೆಗೆ ಕೆಲಸಗಾರರನ್ನು ಕಳುಹಿಸಬೇಕೆಂದು ಬೇಡಿಕೊಳ್ಳಿರಿ ಎಂದು ಯೇಸು ಶಿಷ್ಯರಿಗೆ ಹೇಳುತ್ತಾನೆ. ಮತ್ತಾಯನಲ್ಲಿ ಅಧ್ಯಾಯ ಬದಲಾಗುತ್ತಲೇ ಬೇಡಿದ ಆ ಹನ್ನೆರಡು ಮಂದಿಯನ್ನೇ ಕಳುಹಿಸುತ್ತಾನೆ. ಪಾರಸಿಯ ಅರಸನ ಸೇವೆಯಲ್ಲಿದ್ದು, ಹಾಳಾಗಿದ್ದ ಯೆರೂಸಲೇಮಿನ ಗೋಡೆಯನ್ನು ಕಟ್ಟಲು ಹಂಬಲಿಸಿದ ನೆಹೆಮೀಯನು ಸುಮಾರು ನಾಲ್ಕು ತಿಂಗಳು ಉಪವಾಸವಿದ್ದು ಪ್ರಾರ್ಥಿಸಿದನು, ಆದರೆ ಅರಸನು ಏನು ಬೇಕೆಂದು ಕೇಳಿದ ದಿನ ಅವನ ಬಳಿ ಎಷ್ಟು ಕಾಲ ಬೇಕು, ಯಾವ ಅಧಿಕಾರಿಗೆ ಪತ್ರ ಬೇಕು, ಮರ ಎಲ್ಲಿಂದ ಬರಬೇಕು ಎಂಬ ಲೆಕ್ಕವೆಲ್ಲಾ ಸಿದ್ಧವಿತ್ತು. ಪ್ರಾರ್ಥಿಸುತ್ತಿದ್ದವನು ಕೈಕಟ್ಟಿ ಕುಳಿತಿರಲಿಲ್ಲ. ನಮ್ಮ ಕೂಟದಲ್ಲಿ ಮಗಳ ಕಾಲೇಜು ಫೀಸಿಗಾಗಿ ಪ್ರಾರ್ಥಿಸಿ ಎಂಬ ಚೀಟಿ ಬಂದಾಗ, ಆಮೆನ್ ಹೇಳಿದ ಮೇಲೆ ಹಿರಿಯರೊಬ್ಬರು ಎಲ್ಲರನ್ನೂ ತಡೆದು, ಹೋಗುವ ಮುಂಚೆ ಫೀಸಿಗೆ ಎಷ್ಟು ಕಡಿಮೆಯಿದೆ ಕೇಳೋಣ ಎಂದರು. ಅದು ಪ್ರಾರ್ಥನೆಯದೇ ಮುಂದುವರಿದ ಭಾಗವಾಗಿತ್ತು.

ಎಷ್ಟು ಕಾಲ ಕೇಳುತ್ತಿರಬೇಕು ಎಂದು ಜನ ಕೇಳುತ್ತಾರೆ. ಪೌಲನು ಮೂರಕ್ಕೆ ನಿಲ್ಲಿಸಿದನು, ಮಾತು ಬಂದದ್ದರಿಂದ. ಲೂಕನ 18ನೆಯ ಅಧ್ಯಾಯದ ವಿಧವೆ ನಿಲ್ಲಿಸಲಿಲ್ಲ. ಅನ್ಯಾಯಗಾರನಾದ ನ್ಯಾಯಾಧಿಪತಿಗೆ ಸಾಕುಸಾಕಾಗುವ ತನಕ ಹೋಗುತ್ತಲೇ ಇದ್ದಳು, ಯೇಸು ಅವಳನ್ನು ಮೆಚ್ಚಿ ಹೇಳಿದನು. 88ನೆಯ ಕೀರ್ತನೆಯು ಕತ್ತಲೆಯ ಮಾತಿನಲ್ಲೇ ಮುಗಿದುಹೋಗುತ್ತದೆ, ಆದರೂ ಅದು ಪ್ರಾರ್ಥನೆಗಳ ಪುಸ್ತಕದಲ್ಲೇ ಇದೆ. ಪ್ರಕಟನೆಯ ಆರನೆಯ ಅಧ್ಯಾಯದಲ್ಲಿ ಯಜ್ಞವೇದಿಯ ಕೆಳಗಿರುವ ಹುತಾತ್ಮರು, ಒಡೆಯನೇ ಎಷ್ಟರವರೆಗೆ ಎಂದು ಕೂಗಿದಾಗ ಅವರಿಗೆ ಬಿಳೀ ನಿಲುವಂಗಿಯನ್ನು ಕೊಟ್ಟು ಇನ್ನೂ ಸ್ವಲ್ಪಕಾಲ ಕಾದಿರಬೇಕೆಂದು ಹೇಳಲಾಗುತ್ತದೆ. ಪರಲೋಕದಲ್ಲಿರುವವರಿಗೇ ಕಾಯುವ ಉತ್ತರವಾದರೆ, ನಮ್ಮ ತಾಳ್ಮೆಗೆಟ್ಟ ಪ್ರಾರ್ಥನೆಗಳಿಗೆ ನಾಚಿಕೊಳ್ಳಬೇಕಾಗಿಲ್ಲ. ದೇವರು ಸಾಕು ಎಂದು ಹೇಳುವವರೆಗೆ ಕೇಳಬಹುದು. ಪಕ್ಕದ ಬೆಂಚಿನವರು ಹೇಳಿದರೆಂದು ನಿಲ್ಲಿಸಬೇಕಾಗಿಲ್ಲ.

ಆ ತಾಯಿ ಎದ್ದು ನಿಂತ ಮೇಲೆ ನಮ್ಮ ಕೂಟದಲ್ಲಿ ಒಂದು ಬದಲಾವಣೆ ಮಾಡಿಕೊಂಡೆವು. ಪ್ರಾರ್ಥನಾ ವಿನಂತಿಯ ಡಬ್ಬಿಗೆ ಬೀಳುವ ಚೀಟಿಗಳನ್ನು ಈಗ ಎಸೆಯುವುದಿಲ್ಲ. ನೋಟುಪುಸ್ತಕದ ಹಾಳೆಯನ್ನು ನಾಲ್ಕಾಗಿ ಹರಿದು ಬರೆದವು, ಹಾಲಿನ ಲೆಕ್ಕದ ಹಿಂಬದಿಯಲ್ಲಿ ಬರೆದವು, ಎಲ್ಲವನ್ನೂ ಒಂದು ಲಕೋಟೆಯಲ್ಲಿಟ್ಟು, ಆಗಾಗ ಬರೆದವರನ್ನೇ ಕರೆದು, ಇದನ್ನು ಮುಂದುವರಿಸೋಣವೇ ಎಂದು ಕೇಳುತ್ತೇವೆ. ಕೆಲವರು ಬೇಡ ಎನ್ನುತ್ತಾರೆ. ಕೆಲವರು ಅದೇ ಚೀಟಿಯನ್ನು ಹಾಗೆಯೇ ವಾಪಸು ಹಾಕುತ್ತಾರೆ. ಹಲವರು ಪೆನ್ನು ತೆಗೆದುಕೊಂಡು ತಿದ್ದುತ್ತಾರೆ. ಪೂರ್ತಿ ಗುಣವಾಗಲಿ ಎಂದಿದ್ದದ್ದು ರಾತ್ರಿ ನಿದ್ದೆ ಬರಲಿ ಎಂದಾಗುತ್ತದೆ. ಬೇಡುವವರು ಬದಲಾಗುವುದೂ ಉತ್ತರದ ಒಂದು ಬಗೆಯೆಂದು ಬಹಳ ಜನ ಬರೆದಿದ್ದಾರೆ, ನಾನು ಅದನ್ನು ತಿದ್ದಿದ ಚೀಟಿಗಳಲ್ಲಿ ಕಂಡೆ. ಸೈಟಿನ ಜಗಳದಲ್ಲಿ ಮೈದುನನ ಮೇಲೆ ಕೇಸು ಹಾಕಿರುವ ಅಕ್ಕನೊಬ್ಬರು ಮೊದಲು ತೀರ್ಪು ನಮ್ಮ ಕಡೆ ಆಗಲಿ ಎಂದು ಬರೆದಿದ್ದರು. ಹೋದ ವರ್ಷ ಅದರ ಕೆಳಗೆ, ಮಕ್ಕಳಾದರೂ ಮಾತಾಡಿಕೊಳ್ಳಲಿ ಎಂದು ಸೇರಿಸಿದರು. ಕ್ರಿಸ್ಮಸ್ಸಿಗೆ ಅವರೇ ಮಗನ ಕೈಯಲ್ಲಿ ಮೈದುನನ ಮನೆಗೆ ಒಂದು ತಟ್ಟೆ ಕರ್ಜಿಕಾಯಿ, ಕೇಕು ಕಳುಹಿಸಿದರು. ತಟ್ಟೆ ಖಾಲಿಯಾಗಿ ವಾಪಸು ಬರಲಿಲ್ಲ, ಚಕ್ಕುಲಿ ತುಂಬಿಕೊಂಡು ಬಂತು. ಕೇಸು ಮಾತ್ರ ಇನ್ನೂ ಕೋರ್ಟಿನಲ್ಲಿದೆ. ಮುಂದಿನ ತಾರೀಖಿಗಾಗಿ ಪ್ರಾರ್ಥಿಸಿ ಎಂದು ಅವರು ಹೊಸ ಚೀಟಿ ಹಾಕಿದ್ದಾರೆ, ಈ ಸಲ ಯಾರ ಕಡೆ ತೀರ್ಪಾಗಬೇಕೆಂದು ಬರೆದಿಲ್ಲ.